ಸೋಮವಾರ ಒಪ್ಪತ್ತು ಮಾಡುವ ಬೆಕ್ಕಿಗೆ ಹಸಿರು ಚುಕ್ಕಿಯ ಪೊಟ್ಟಣ

ಇವರಿಗೆ,
ಮಾನ್ಯ ಮುಖ್ಯ ಪೋಷಣಾ ಸಲಹೆಗಾರರು,
ಸಸ್ಯಾಹಾರಿ ಬೆಕ್ಕಿನ ಆಹಾರ ತಯಾರಿಸುವ ಕಂಪನಿ.
(ಹೆಸರು ಬರೆದರೆ ತಮಗೆ ಪುಕ್ಕಟೆ ಜಾಹೀರಾತು ಆದೀತೆಂದು ಬಿಟ್ಟಿದ್ದೇನೆ. ತಾವು ಯಾರೆಂಬುದು ತಮಗೆ ಗೊತ್ತಿದೆ.)

ಮಾನ್ಯರೇ,

ಕುಂದಗೋಳ ತಾಲೂಕಿನ ಕುಬಿಹಾಳದಿಂದ, ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹದಿನಾಲ್ಕು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ಶೈಲಾ ಎಂಬವಳ ಅನಂತ ವಂದನೆಗಳನ್ನು ತಾವೂ, ತಮ್ಮ ನಿರ್ದೇಶಕ ಮಂಡಳಿಯೂ, ತಮ್ಮ ಪೊಟ್ಟಣದ ಮೇಲೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತ ಆ ಬಿಳಿ ಬೆಕ್ಕೂ ಸಮನಾಗಿ ಹಂಚಿಕೊಳ್ಳಬೇಕಾಗಿ ವಿನಂತಿ. ತಾವೆಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಾವು ತಯಾರಿಸಿದ್ದನ್ನು ತಾವು ತಿನ್ನುವುದಿಲ್ಲವಾದ್ದರಿಂದ ಹಾಗೆ ನಂಬಲು ಆಧಾರವೂ ಇದೆ. ನಮ್ಮ ಮನೆಯಲ್ಲಿ ನಾವು ಮೂವರು ಮನುಷ್ಯರು ಕ್ಷೇಮ. ನಾಲ್ಕನೆಯವಳ ವಿಷಯವಾಗಿಯೇ ಈ ಪತ್ರ.

ನಾಲ್ಕನೆಯವಳ ಹೆಸರು ಬೆಳ್ಳವ್ವ. ಜಾತಿಯಿಂದ ಬೆಕ್ಕು, ಬಣ್ಣದಿಂದ ಬೂದಿಬಿಳುಪು, ವಯಸ್ಸು ಆರು. ನನ್ನ ಗಂಡ ಸಂಗನಬಸವ ಕಡಲೆ ಮತ್ತು ಶೇಂಗಾ ವ್ಯಾಪಾರಿಯಾದ್ದರಿಂದ ನಮ್ಮ ಪಡಸಾಲೆಯಲ್ಲಿ ಮನುಷ್ಯರಿಗಿಂತ ಚೀಲಗಳಿಗೇ ಹೆಚ್ಚು ಜಾಗ. ಚೀಲಗಳ ಹಿಂದೆ ಇಲಿ ಬಂದವು, ಇಲಿಗಳ ಹಿಂದೆ ಇವಳು ಬಂದಳು. ಬಂದದ್ದು ಕೆಲಸಕ್ಕೆ. ಆದರೆ ನನ್ನ ಅತ್ತೆ ಶಿವಗಂಗವ್ವನವರು, ಎಪ್ಪತ್ನಾಲ್ಕು ವರ್ಷದವರು, ದಿನಕ್ಕೆರಡು ಹೊತ್ತು ಲಿಂಗಪೂಜೆ ಮಾಡುವವರು, ತತ್ತಿಯ ಚಿತ್ರವಿದ್ದ ಕ್ಯಾಲೆಂಡರನ್ನು ಕೂಡ ಗೋಡೆಗೆ ತೂಗಹಾಕಗೊಡದವರು, ಒಂದೇ ವಾರದಲ್ಲಿ ಅವಳನ್ನು ಕೆಲಸದವಳ ಸ್ಥಾನದಿಂದ ಮಗಳ ಸ್ಥಾನಕ್ಕೆ ಏರಿಸಿದರು. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಬೆರಳಿನಿಂದ ಬಿಸಿ ನೋಡಿ, ಬಟ್ಟಲಿಗೆ ಹಾಕಿ ಅವರೇ ಮುಂದೆ ಕೂರುವರು. ಇಲಿಯನ್ನು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಕೊಲ್ಲತಾಳ, ಆದರ ತಿನ್ನಂಗಿಲ್ಲ" ಎಂದು ಅವರೇ ಉತ್ತರ ಕೊಡುವರು.

ಬೆಳ್ಳವ್ವನ ಕೀರ್ತಿ ಊರಲ್ಲಿ ಹರಡಿದ್ದು ಇಲಿಯಿಂದಲ್ಲ, ಸೋಮವಾರದಿಂದ. ಸೋಮವಾರ ಬೆಳಗಿನಿಂದ ದೀಪ ಹಚ್ಚುವವರೆಗೆ ಅವಳು ತನ್ನ ಬಟ್ಟಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಅತ್ತೆಯವರದೂ ಸೋಮವಾರ ಒಪ್ಪತ್ತು. ಬೆಕ್ಕೂ ಶಿವನ ವಾರ ಹಿಡಿದಿದೆಯೆಂಬ ಸುದ್ದಿ ಓಣಿಯಿಂದ ಓಣಿಗೆ ಹೋಗಿ, ಮೇಲಿನ ಓಣಿಯ ಬಸಕ್ಕ ಒಂದು ಸೋಮವಾರ ಮೂರು ತಾಸು ನಮ್ಮ ಪಡಸಾಲೆಯಲ್ಲಿ ಕುಳಿತು ಕಣ್ಣಾರೆ ಕಂಡು, ಏಳುವಾಗ ಬೆಕ್ಕಿಗೆ ವಿಭೂತಿ ಹಚ್ಚಿ ಹೋದಳು. ಶ್ರಾವಣದಲ್ಲಂತೂ ಬೆಳ್ಳವ್ವ ಇಡೀ ತಿಂಗಳು ಸೊರಗಿ, ಹೊಟ್ಟೆ ಬೆನ್ನಿಗೆ ಹತ್ತಿ, ಹಾಲಿನ ಬಟ್ಟಲಿನ ಮುಂದೆ ಬೇಸರದಿಂದ ಕೂರುವಳು. ಸೋಮವಾರ ಕದ್ದು ಮಿರ್ಚಿಭಜಿ ತಿನ್ನುವ ಮಗನಿಗೆ ಅತ್ತೆಯವರು, "ಆ ಬೆಕ್ಕಿಗಿರೂ ನೇಮ ನಿನಗ ಇಲ್ಲಲ್ಲಲೇ" ಎಂದು ವರ್ಷಕ್ಕೆ ಐವತ್ತೆರಡು ಸಲ ಹೇಳಿದ್ದಾರೆ. ನಾನು ವಿಜ್ಞಾನದ ಶಿಕ್ಷಕಿ. ನಗುತ್ತಿದ್ದೆ, ಆದರೆ ಒಳಗೊಳಗೆ ನನಗೂ ಹೆಮ್ಮೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಇಂಥ ಸುಖಸಂಸಾರದೊಳಗೆ ತಾವು ಪ್ರವೇಶಿಸಿದ ಬಗೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಹೋದ ದೀಪಾವಳಿಯ ಹೊತ್ತಿಗೆ ಬೆಳ್ಳವ್ವನಿಗೆ ಹೊಟ್ಟೆ ಕೆಟ್ಟಿತು. ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲವೆಂದು ಮೊಬೈಲಿನಲ್ಲಿ ಓದಿದೆ. ಹಾಗಾದರೆ ಒಳ್ಳೆಯದು ಯಾವುದು, ನಮ್ಮಂಥವರ ಕೈಗೆಟುಕುವುದು ಯಾವುದು ಎಂದು ಹುಡುಕಿದ್ದೇ ತಡ, ಮೊಬೈಲಿಗೆ ನಮ್ಮ ಮನೆಯ ಬೆಕ್ಕಿನ ಹೊರತು ಬೇರೆ ಚಿಂತೆಯೇ ಇಲ್ಲದಂತಾಯಿತು. ಮೀನಿನ ಕಾಳು, ಕೋಳಿಯ ಕಾಳು, ಡಬ್ಬಿಯಲ್ಲಿ ಸಾರಿನೊಡನೆ ಬರುವ ತುಂಡು. ಬೆಲೆ ನೋಡಿದರೆ ಬೆಕ್ಕು ಸಾಕುವುದಕ್ಕಿಂತ ಎಮ್ಮೆ ಸಾಕುವುದು ಸೋವಿ ಅನ್ನಿಸುತ್ತಿತ್ತು. ಎಲ್ಲದರ ಮೇಲೂ ಮಾಂಸಾಹಾರದ ಗುರುತು. ಅತ್ತೆಯವರು ಕನ್ನಡಕ ಏರಿಸಿ ಒಂದೊಂದನ್ನೂ ನೋಡಿ, "ಇದು ಹೊಸ್ತಿಲಾ ದಾಟಂಗಿಲ್ಲ" ಎಂದು ತೀರ್ಪು ಕೊಟ್ಟರು. ಆಗ ತಾವು ಕಾಣಿಸಿಕೊಂಡಿರಿ. ಹಸಿರು ಚುಕ್ಕಿ, ಧ್ಯಾನಸ್ಥ ಬೆಕ್ಕು, ಉಳಿದವುಗಳ ಅರ್ಧ ಬೆಲೆ, ಮೇಲೆ ದಪ್ಪಕ್ಷರದಲ್ಲಿ "ಸಂಪೂರ್ಣ ಸಾತ್ವಿಕ ಪೋಷಣೆ". ಅತ್ತೆಯವರು ಮೊಬೈಲಿಗೇ ಕೈಮುಗಿದರು.

ಪೊಟ್ಟಣ ಬಂದ ದಿನ ಅದರೊಳಗೇನಿದೆಯೆಂದು ನನ್ನ ಗಂಡ ಓದಿದರು. ಮೊದಲ ಹೆಸರೇ ಕಡಲೆ. ಆಮೇಲೆ ಬಟಾಣಿ, ಗೋವಿನಜೋಳ, ಕುಂಬಳಕಾಯಿ, ಯಾವುದೋ ಪರದೇಶದ ಸೊಪ್ಪು. ಮಾನ್ಯರೇ, ನಲವತ್ತು ಚೀಲ ಕಡಲೆಯ ಮೇಲೆ ಐದು ವರ್ಷ ಮಲಗಿದ ಬೆಕ್ಕು ಅದನ್ನೇ ತಿಂದು ಬದುಕಬಹುದೆಂಬ ವಿಷಯ ಆ ಬೆಕ್ಕಿಗೂ ಹೊಳೆದಿರಲಿಲ್ಲ, ಕಡಲೆ ವ್ಯಾಪಾರಿಗೂ ಹೊಳೆದಿರಲಿಲ್ಲ. ತಮ್ಮ ಪ್ರತಿಭೆಗೆ ನನ್ನ ನಮಸ್ಕಾರ. ನಮ್ಮಂಥವರ ಮನೆಯಿಂದ ಚೀಲದಲ್ಲಿ ಹೊರಟ ಕಡಲೆಯನ್ನು ಮೀನಿನ ಆಕಾರದ ಸಣ್ಣ ಬಿಸ್ಕತ್ತು ಮಾಡಿ, ಎಂಟು ಪಟ್ಟು ಬೆಲೆಗೆ ನಮ್ಮ ಮನೆಗೇ ಮರಳಿಸುವುದು ಸಣ್ಣ ಬುದ್ಧಿವಂತಿಕೆಯಲ್ಲ. ಅದರಲ್ಲೂ ಮೀನಿನ ಆಕಾರ! ಬೆಕ್ಕಿಗೆ ಏನು ಬೇಕೆಂಬುದು ತಮಗೆ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ತಮ್ಮ ಸೂಚನಾಪತ್ರದಲ್ಲಿ, ಈ ಆಹಾರದ ಪೂರ್ಣ ಫಲ ದೊರೆಯಬೇಕಾದರೆ ಬೆಕ್ಕನ್ನು ಹೊರಗೆ ಬಿಡಕೂಡದು, ಬೇರೆ ಏನನ್ನೂ ಕೊಡಕೂಡದು ಎಂದಿತ್ತು. ಓದುಬರಹ ಬಲ್ಲವಳಾದ್ದರಿಂದ ಪಾಲಿಸಿದೆ. ಹಿತ್ತಲ ಕಿಟಕಿಗೆ ಜಾಲರಿ ಹೊಡೆಸಿದೆ, ಬಾಗಿಲಿಗೆ ಚಿಲಕ ಹಾಕಿಸಿದೆ. ಬೆಳ್ಳವ್ವ ಮೂರು ತಿಂಗಳು ಆ ಜಾಲರಿಯ ಮುಂದೆ ಕುಳಿತು ಕೂಗಿದಳು. ಹೊರಗಿನ ಚಟ ಬಿಡಬೇಕಾದರೆ ಮನುಷ್ಯರೂ ಕೂಗುತ್ತಾರೆಂದು ನಾನು ಅತ್ತೆಯವರಿಗೆ ತಿಳಿಹೇಳಿದೆ. ತಮ್ಮ ಸಹಾಯವಾಣಿಯ ಯಂತ್ರಕ್ಕೆ ಈ ವಿಷಯ ಬರೆದಾಗ ಅದು, "ಅಭಿನಂದನೆಗಳು! ನಿಮ್ಮ ಮುದ್ದು ಬೆಕ್ಕು ಹೊಸ ಜೀವನಶೈಲಿಗೆ ಹೊಂದಿಕೊಳ್ಳುತ್ತಿದೆ" ಎಂದು ಉತ್ತರಿಸಿ, ಅವಳ ಮಲಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರೆಂದು ಕೇಳಿತು. ನಾಲ್ಕು ಕೊಟ್ಟೆ. ಒಂದು ನಕ್ಷತ್ರ ಏಕೆ ಕಡಿಮೆಯಾಯಿತೆಂದು ಕೇಳಿತು. ಅದಕ್ಕೆ ಪರಿಹಾರವಾಗಿ ವಾರಕ್ಕೆ ಮೂರು ದಿನ ತಾಜಾ ಬ್ಲೂಬೆರಿ ಹಣ್ಣು ಬೆರೆಸಬೇಕೆಂದು ಸಲಹೆ ಬಂತು. ಕುಬಿಹಾಳದಲ್ಲಿ ಬ್ಲೂಬೆರಿ ಎಲ್ಲಿ ಸಿಗುತ್ತದೆಂಬುದನ್ನು ತಾವು ತಿಳಿಸಿದ ಕೂಡಲೇ ಬೆರೆಸುವವಳಿದ್ದೇನೆ.

ನಾಲ್ಕನೆಯ ತಿಂಗಳಿಗೆ ಬೆಳ್ಳವ್ವ ಕೂಗುವುದನ್ನು ಬಿಟ್ಟಳು. ಆರನೆಯ ತಿಂಗಳಿಗೆ ಓಡುವುದನ್ನು ಬಿಟ್ಟಳು. ದಿನವಿಡೀ ಒಂದೇ ಕಡೆ ಕೂರುವಳು, ನಡುಹಗಲಿನಲ್ಲೂ ಕಣ್ಣಿನ ಪಾಪೆ ಅಗಲವಾಗಿ ಕಪ್ಪಗೆ ಹರಡಿಕೊಂಡಿರುವುದು. "ನೋಡು ಶೈಲಾ, ಧ್ಯಾನಕ್ಕ ಕುಂತಂಗ ಕುಂತಾಳ" ಎಂದು ಅತ್ತೆಯವರು ಪೊಟ್ಟಣದ ಚಿತ್ರ ತಂದು ಪಕ್ಕಕ್ಕೆ ಹಿಡಿದು ತೋರಿಸಿದರು. ನಿಜವಾಗಿ ಹಾಗೇ ಇತ್ತು. ತಮ್ಮ ಯಂತ್ರವೂ ಇದು ಸಾತ್ವಿಕ ಆಹಾರದಿಂದ ಬಂದ ಮನಶ್ಶಾಂತಿಯೆಂದು ಖಾತ್ರಿಪಡಿಸಿತು. ಒಂದು ಇಲಿ ಅವಳ ಮುಂದೆಯೇ ಹಾದುಹೋಗಿ, ಅರ್ಧ ದಾರಿಯಲ್ಲಿ ನಿಂತು, ತಿರುಗಿ ನೋಡಿ, ಸಾವಕಾಶವಾಗಿ ಹೋಯಿತು. ಆಗಲೂ ನಮಗೆ ಬುದ್ಧಿ ಬರಲಿಲ್ಲ. ಬಂದದ್ದು, ದಿನಕ್ಕೆ ಹತ್ತು ಸಲ ಹತ್ತಿಳಿಯುತ್ತಿದ್ದ ಕಟ್ಟೆಗೆ ಅವಳು ಜಿಗಿದು, ಕಟ್ಟೆ ಸಿಗದೆ, ಎದೆ ಬಡಿದು ಕೆಳಗೆ ಬಿದ್ದಾಗ. ಬಿದ್ದವಳು ಎದ್ದು ಹೊಸ್ತಿಲಿಗೆ ತಲೆ ಹಾಯಿಸಿಕೊಂಡಳು. ಅತ್ತೆಯವರು ಪೂಜೆಯ ತಂಬಿಗೆ ಬಿಟ್ಟು ಓಡಿಬಂದರು.

ಪಶುವೈದ್ಯೆ ಡಾಕ್ಟರ್ ಐಶ್ವರ್ಯ ಇನ್ನೂ ಸಣ್ಣ ವಯಸ್ಸಿನವರು. ಬೆಳ್ಳವ್ವನ ಕಣ್ಣಿಗೆ ದೀಪ ಹಿಡಿದರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು, ಆಮೇಲೆ ಏನು ತಿನ್ನಿಸುತ್ತೀರಿ ಎಂದರು. ಅತ್ತೆಯವರು ಹೆಮ್ಮೆಯಿಂದ ತಮ್ಮ ಪೊಟ್ಟಣ ಮುಂದಿಟ್ಟು, ಅದಕ್ಕೂ ಮೊದಲು ಐದು ವರ್ಷ ಬರೀ ಹಾಲುರೊಟ್ಟಿ, ಸೋಮವಾರ ಒಪ್ಪತ್ತು ಎಂದು ಹೇಳಿದರು. ಡಾಕ್ಟರು ನಗಲಿಲ್ಲ. "ಅಮ್ಮಾರ, ಬೆಕ್ಕಿಗೆ ಟಾರಿನ್ ಅಂತ ಒಂದು ಅಂಶ ಬೇಕಾಗತೈತ್ರಿ. ಅದು ಮಾಂಸದಾಗ ಇರತೈತಿ, ಕಾಳಿನ್ಯಾಗ ಇರಂಗಿಲ್ಲ. ಹೊರಗಿಂದಾರ ಸೇರಸಬೇಕಿತ್ತು, ಇವರು ಸೇರಿಸಿಲ್ಲ. ಅದಿಲ್ಲಂದ್ರ ಕಣ್ಣು ಹೋಗತಾವು, ಗುಂಡಿಗೀನೂ ಸೋಲತೈತಿ. ಐದು ವರ್ಷ ಬರೇ ಹಾಲುರೊಟ್ಟಿ ತಿಂದಿದ್ರ ಇದು ಇಷ್ಟು ದಿನ ಉಳೀತಿರಲಿಲ್ರಿ. ಎಲ್ಲೋ ಮಾಂಸ ತಿಂದೈತಿ" ಎಂದರು. ಅತ್ತೆಯವರು, "ನಮ್ಮ ಬೆಕ್ಕಲ್ಲ ಬಿಡ್ರಿ" ಎಂದರು. ಪೊಟ್ಟಣದ ಹಿಂಭಾಗದಲ್ಲಿ, ಕೆಳಗಿನ ಅಂಚಿನಲ್ಲಿ, ಇರುವೆ ನಡೆದುಹೋದಷ್ಟು ಸಣ್ಣಕ್ಷರದಲ್ಲಿ, "ಇದು ಪೂರಕ ತಿಂಡಿ ಮಾತ್ರ, ಪೂರ್ಣಾಹಾರವಲ್ಲ" ಎಂದು ತಾವು ಬರೆದದ್ದನ್ನು ಡಾಕ್ಟರೇ ತೋರಿಸಿದರು. ಮುಂದಿನ ದಪ್ಪಕ್ಷರದವರೂ ಹಿಂದಿನ ಸಣ್ಣಕ್ಷರದವರೂ ಒಂದೇ ಕಚೇರಿಯಲ್ಲಿ ಕೂರುವವರೋ, ಅಥವಾ ಅವರ ನಡುವೆ ಮಾತುಕತೆ ಇಲ್ಲವೋ ದಯಮಾಡಿ ತಿಳಿಸಬೇಕು.

ಇನ್ನು ನನ್ನ ವಿಷಯ. ಪ್ರತಿ ವರ್ಷ ಏಳನೆಯ ಇಯತ್ತೆಗೆ ಮಾಂಸಾಹಾರಿ ಪ್ರಾಣಿಗಳ ಪಾಠ ಮಾಡುವಾಗ ನಾನು ಹಲಗೆಯ ಮೇಲೆ ಬೆಕ್ಕಿನ ದವಡೆಯನ್ನೇ ಬರೆಯುವವಳು. ಕೋರೆಹಲ್ಲಿಗೆ ಬಾಣದ ಗುರುತು ಹಾಕಿ ಇದು ಮಾಂಸ ಹರಿಯಲಿಕ್ಕೆ ಎಂದು ನಲವತ್ತು ಮಕ್ಕಳಿಂದ ಒಟ್ಟಿಗೆ ಹೇಳಿಸುವವಳು. ಗಂಟೆ ಬಾರಿಸಿದ ಮೇಲೆ ಕೈಯ ಸೀಮೆಸುಣ್ಣ ತೊಳೆದು ಮನೆಗೆ ಬಂದು, ಅದೇ ಕೋರೆಹಲ್ಲಿನ ಮುಂದೆ ತಮ್ಮ ಕಡಲೆ ಬಿಸ್ಕತ್ತು ಅಳೆದು ಸುರಿದವಳೂ ನಾನೇ. ತಾವು ವ್ಯಾಪಾರಿಗಳು, ಮಾರಿದಿರಿ. ಗೊತ್ತಿದ್ದೂ ಕೊಂಡವಳು ನಾನು. ಈ ಪತ್ರದಲ್ಲಿ ತಮಗೆ ಉಗುಳಿದ್ದರಲ್ಲಿ ಅರ್ಧ ನನ್ನ ಮುಖಕ್ಕೂ ಸೇರಬೇಕಾದ್ದು.

ದವಾಖಾನೆಯಿಂದ ಮರಳಿ ಬರುವಾಗ ನಮ್ಮ ಹಿತ್ತಲಿಗೆ ಬೆನ್ನು ಹತ್ತಿದ ಮನೆಯ ದಾವಲಬಿ ಎದುರಾದಳು. ಅವಳ ಗಂಡ ಮಹಬೂಬಸಾಬ ಮನೆಯ ಮುಂದೆಯೇ ಕೋಳಿ ಅಂಗಡಿ ಇಟ್ಟವನು. ಎರಡು ಮನೆಗಳ ನಡುವೆ ಒಂದು ಗೋಡೆ. ಹಬ್ಬಕ್ಕೆ ಹೋಳಿಗೆ, ಈದಿಗೆ ಸುರಕುಂಬಾದ ಹಾಲು-ಶಾವಿಗೆ ಆ ಗೋಡೆಯ ಮೇಲಿಂದ ದಾಟುತ್ತವೆಯೇ ಹೊರತು, ಅಂಗಡಿಯ ಕಾರಣಕ್ಕೆ ಅತ್ತೆಯವರು ಮೂವತ್ತು ವರ್ಷಗಳಲ್ಲಿ ಆ ಅಂಗಳಕ್ಕೆ ಕಾಲಿಟ್ಟವರಲ್ಲ. ಆ ಮನೆಯ ಮುಂದೆ ಹಾಯುವಾಗ ಸೆರಗನ್ನು ಕೈಯಲ್ಲಿ ಎತ್ತಿ ಹಿಡಿಯುವವರು. ದಾವಲಬಿ ಅತ್ತೆಯವರ ಮಡಿಲಿನಲ್ಲಿದ್ದ ಬೆಕ್ಕನ್ನು ನೋಡಿದ್ದೇ, "ಯಾ ಅಲ್ಲಾ, ನಮ್ಮ ಶಹಜಾದಿಗೆ ಏನಾತ್ರಿ ಅಕ್ಕಾರ!" ಎಂದು ಕೂಗಿದಳು. ಆ ಹೆಸರಿಗೆ ಬೆಳ್ಳವ್ವ ಕಿವಿ ನಿಮಿರಿಸಿ, ಕಾಣದ ಕಣ್ಣನ್ನು ದಾವಲಬಿಯ ಕಡೆ ಹೊರಳಿಸಿ, ಎಷ್ಟೋ ವಾರಗಳ ಮೇಲೆ ಮೊದಲ ಸಲ ಮಿಯಾಂವ್ ಎಂದಳು.

ಆಮೇಲೆ ಎಲ್ಲವೂ ಹೊರಬಂತು. "ದಿನಾ ಗ್ವಾಡಿ ಜಿಗದು ಬರತಿತ್ರಿ ಅಕ್ಕಾರ. ಅಂಗಡ್ಯಾಗ ಉಳದ ಗುಂಡಿಗಿ, ಚೂರು ಪಾರು ಉಪ್ಪಿಲ್ದ ಕುದಿಸಿ ಹಾಕತಿದ್ದೆ. ಆಯ್ತವಾರ ಗಿರಾಕಿ ಭಾಳ ಅಲ್ರೀ, ಹೊಟ್ಟಿ ಬಿರಿಯೂ ಹಂಗ ತಿಂತಿತ್ತು, ಮರದಿನ ಈ ಕಡೆ ತಲಿನೂ ಹಾಕತಿರಲಿಲ್ಲ. ನಿಮಗ ಸಿಟ್ಟ ಬರತೈತಂತ ಹೇಳಲಿಲ್ರಿ" ಎಂದು ದಾವಲಬಿ ಕೈಮುಗಿದಳು. ಐದು ವರ್ಷದ ಸೋಮವಾರಗಳೆಲ್ಲ ನನ್ನ ಕಣ್ಣೆದುರು ಬಂದು ನಿಂತವು, ಬಸಕ್ಕನ ವಿಭೂತಿಯ ಸಮೇತ. ಶ್ರಾವಣದ ಗುಟ್ಟನ್ನು ನಾನೇ ಬಿಡಿಸಿಕೊಂಡೆ: ಶ್ರಾವಣದಲ್ಲಿ ಗಿರಾಕಿಯಿಲ್ಲದೆ ಮಹಬೂಬಸಾಬ ತಿಂಗಳಿಡೀ ಅಂಗಡಿ ಮುಚ್ಚುತ್ತಾನೆ. ಹಿತ್ತಲ ಜಾಲರಿಯ ಮುಂದೆ ಅವಳು ಕೂಗಿದ್ದು ಯಾವ ಚಟಕ್ಕೂ ಅಲ್ಲ, ಊಟಕ್ಕೆ. ಆ ಜಾಲರಿ ಹೊಡೆಸಿದ ನನಗೆ ನಾಚಿಕೆಯಾಯಿತು ಎಂದರೆ ಕಡಿಮೆ ಹೇಳಿದಂತೆ.

ಅತ್ತೆಯವರು ಬೆಕ್ಕನ್ನು ಎತ್ತಿಕೊಂಡೇ ಮನೆಗೆ ಬಂದರು. ಕೋಳಿಯ ಗುಂಡಿಗೆಯನ್ನೇ ದಿನಕ್ಕಿಷ್ಟು ಕುದಿಸಿ ಕೊಡಿರಿ, ಇದಕ್ಕಿಂತ ಒಳ್ಳೆಯದೂ ಸೋವಿಯೂ ಆದ ಔಷಧಿ ಬೇರೆ ಇಲ್ಲ, ತಡಮಾಡಿದರೆ ಗುಂಡಿಗೆ ಕೈಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದಷ್ಟು ಉಳಿಯಬಹುದು ಎಂದೂ ಹೇಳಿದ್ದರು. ಜಾಲರಿ ಕಿತ್ತೆಸೆದು ಕಿಟಕಿ ತೆರೆದಿಟ್ಟೆವು. ಬೆಳ್ಳವ್ವ ಗೋಡೆಯ ಬುಡದವರೆಗೆ ಹೋಗಿ, ಮೇಲೆ ಮುಖ ಮಾಡಿ, ಗೋಡೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಅಲ್ಲೇ ಕೂತಳು. ಮನೆಯೊಳಗೆ ಮಾಂಸ ತರುವಂತಿಲ್ಲ, ಬೆಕ್ಕು ಗೋಡೆ ದಾಟುವಂತಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತೆಯವರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಬೆಕ್ಕನ್ನು ಎತ್ತಿಕೊಂಡು ಮುಂಬಾಗಿಲಿನಿಂದ ಹೊರಟರು. ನಾನು ಹಿಂದೆ ಹೋದೆ. ಓಣಿ ಬಳಸಿ, ಅಂಗಡಿಯ ಪಂಜರಗಳ ಪಕ್ಕದಿಂದ ಹಾದು, ದಾವಲಬಿಯ ಅಂಗಳಕ್ಕೆ ಕಾಲಿಟ್ಟರು. ಸೆರಗು ಎತ್ತಿ ಹಿಡಿಯಲು ಕೈ ಖಾಲಿ ಇರಲಿಲ್ಲ. "ದಾವಲಬಿ, ನಿನ್ನ ಶಹಜಾದಿ ಬಂದಾಳ ನೋಡು. ಏನ್ ಹಾಕ್ತೀ ಅಂತ ನನ್ನ ಮುಂದ ಹೇಳಬ್ಯಾಡ. ಹೊಟ್ಟಿ ತುಂಬ ಹಾಕು" ಎಂದು ಬೆಕ್ಕನ್ನು ಕೆಳಗಿಳಿಸಿ, ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಹಿಂದೆ ಬಟ್ಟಲು ಸರಿದ ಸಪ್ಪಳ, ಬೆಳ್ಳವ್ವ ಗುರುಗುಟ್ಟುತ್ತ ತಿನ್ನುವ ಸಪ್ಪಳ. "ನೇಮ ನಂದು. ಅದನ್ನ ಒಯ್ದು ಆ ಮೂಕ ಪ್ರಾಣಿ ಹೊಟ್ಟಿಗೆ ಯಾಕ ಕಟ್ಟಿದ್ನೋ ಯವ್ವಾ" ಎಂದು ಗೋಡೆಗೆ ಹೇಳಿದರು, ಕಣ್ಣು ಒರೆಸಿಕೊಂಡರು. ತಿಂದು ಮುಗಿದ ಮೇಲೆ ತಿರುಗಿ, ಬೆಕ್ಕನ್ನು ಎತ್ತಿಕೊಂಡು, ಅದರ ಬಾಯನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ಅದಾಗಿ ಇಪ್ಪತ್ತಾರು ದಿನವಾಯಿತು. ಮಂಡಿನೋವಿನಿಂದ ನೀರಿನ ಕೊಡ ಎತ್ತದವರು ದಿನವೂ ಹೋಗುತ್ತಾರೆ, ನಿಲ್ಲುತ್ತಾರೆ, ಒರೆಸಿ ತರುತ್ತಾರೆ, ಬಂದು ಇನ್ನೊಮ್ಮೆ ಸ್ನಾನ ಮಾಡುತ್ತಾರೆ. ಬೆಳ್ಳವ್ವನ ಉಸಿರು ಈಗ ಸಮ ಇದೆ. ಎಡಗಣ್ಣಿನಲ್ಲಿ ಏನೂ ಇಲ್ಲ, ಬಲಗಣ್ಣಿನಲ್ಲಿ ಚೂರು ಬೆಳಕಿದೆ ಎನ್ನುತ್ತಾರೆ ಡಾಕ್ಟರು.

ಈಗ ನನ್ನ ಸವಿನಯ ಬೇಡಿಕೆಗಳು. ತಮ್ಮ ಆಹಾರದ ಮೇಲೆ ಅಚ್ಚಾದ ಭರವಸೆಗಳು ಸುಳ್ಳೆಂದು ನಾನು ಎಲ್ಲಿಯೂ ಹೇಳುವುದಿಲ್ಲ, ಏಕೆಂದರೆ ಪಡಸಾಲೆಯಲ್ಲಿ ತೆರೆದಿಟ್ಟ ಪೊಟ್ಟಣವನ್ನು ನಮ್ಮ ಇಲಿಗಳು ತಿಂದು, ಹೊಳೆಯುವ ತುಪ್ಪಳ, ಗಟ್ಟಿ ಎಲುಬು, ಹರ್ಷಚಿತ್ತ ಈ ಮೂರನ್ನೂ ಪಡೆದಿವೆ. ಆದ್ದರಿಂದ ಪೊಟ್ಟಣದ ಮೇಲಿನ ಪ್ರಾಣಿಯ ಚಿತ್ರವೊಂದನ್ನು ಬದಲಿಸಿದರೆ ತಮ್ಮ ವ್ಯಾಪಾರ ಅಗದಿ ಪ್ರಾಮಾಣಿಕವಾಗುತ್ತದೆ. ಅದು ಸಾಧ್ಯವಿಲ್ಲವಾದರೆ ದೇಶದ ಸಮಸ್ತ ಬೆಕ್ಕುಗಳಿಗೆ ಸುತ್ತೋಲೆ ಹೊರಡಿಸಿ, ತಮ್ಮ ಹತ್ತಿರದ ಶಾಖೆಯಲ್ಲಿ ಕೋರೆಹಲ್ಲು ಜಮಾ ಮಾಡಿ ಎಮ್ಮೆಯ ದವಡೆ ಪಡೆದುಕೊಳ್ಳುವಂತೆ ಏರ್ಪಾಡು ಮಾಡಬೇಕು. ಹೊಟ್ಟೆಯ ಕರುಳನ್ನೂ ಅದೇ ಕಿಟಕಿಯಲ್ಲಿ ಬದಲಿಸಿಕೊಟ್ಟರೆ ದೂರದಿಂದ ಬರುವ ಬೆಕ್ಕುಗಳಿಗೆ ಅನುಕೂಲ. ಹಿಂದಿನ ಸಣ್ಣಕ್ಷರವನ್ನು ಮುಂದಕ್ಕೂ ಮುಂದಿನ ದಪ್ಪಕ್ಷರವನ್ನು ಹಿಂದಕ್ಕೂ ಒಯ್ಯಲು ಹೆಚ್ಚಿನ ಮಸಿ ಬೇಕಾಗುವುದಿಲ್ಲ. ಇನ್ನು, ನನ್ನ ಅತ್ತೆಯವರ ಹೆಸರಿಗೆ ಒಂದು ಕ್ಷಮಾಪತ್ರ. ಅದನ್ನು ಯಂತ್ರದಿಂದ ಬರೆಸಬಾರದು.

ಇಂತು, ಇನ್ನು ಮೇಲೆ ಏನನ್ನು ಕೊಂಡರೂ ಹಿಂಭಾಗದಿಂದ ಓದಲು ತೊಡಗುವ,

ತಮ್ಮ ವಿಶ್ವಾಸಿ,
ಶೈಲಾ ಸಂ. ಹುಣಸಿಮರದ
ಕುಬಿಹಾಳ

ತಾ.ಕ.: ಉಳಿದ ಎರಡು ಕಿಲೋ ಆಹಾರವನ್ನು ಈ ಪತ್ರದೊಡನೆ ಪಾರ್ಸೆಲ್ ಮಾಡಿದ್ದೇನೆ. ತಾವು ಒಂದು ಕೋಣೆಯಲ್ಲಿ ಕುಳಿತು, ಹೊರಗಿನಿಂದ ಚಿಲಕ ಹಾಕಿಸಿಕೊಂಡು, ಕಿಟಕಿಗೆ ಜಾಲರಿ ಹೊಡೆಸಿಕೊಂಡು, ಎಂಟು ತಿಂಗಳು ಬೇರೇನನ್ನೂ ಮುಟ್ಟದೆ ಇದನ್ನೇ ಸೇವಿಸಿ ನನಗೊಂದು ಅಭಿಪ್ರಾಯ ಬರೆಯಬೇಕು; ಸಾಲದಿದ್ದರೆ ಇನ್ನಷ್ಟು ತರಿಸಿ ಕಳಿಸುವ ಖರ್ಚು ನನ್ನದು. ತಾವು ಮನುಷ್ಯರಾದ್ದರಿಂದ ಕಡಲೆ ತಿಂದು ಕಣ್ಣು ಕಳೆದುಕೊಳ್ಳಲಾರಿರಿ, ಹೆದರಬೇಡಿರಿ. ಕೂಗಿದಾಗ ಯಾರೂ ಬಾಗಿಲು ತೆರೆಯದಿದ್ದರೆ ಹೇಗಿರುತ್ತದೆಂಬುದನ್ನಷ್ಟೇ ಬರೆದರೆ ಸಾಕು.